ದಾಳಿಂಬೆ ಬುಡಕ್ಕೆ ಸುರಿದ ನೀರು

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಗೊತ್ತಾಗಿತ್ತು. ಗೊತ್ತುಮಾಡಿದವಳು ಅಜ್ಜಿ, ಅಪ್ಪಾಜಿಯ ತಾಯಿ. ಅಪ್ಪಾಜಿಗೆ ಮಾಮೂಲ್‌ಪೇಟೆಯಲ್ಲಿ ವಿಭೂತಿ, ಕರ್ಪೂರ, ಅರಿಸಿನ, ಕುಂಕುಮ, ಔಷಧಿಯ ಬೇರುಗಳನ್ನೆಲ್ಲ ಮಾರುವ ಗ್ರಂಧಿಗೆ ಅಂಗಡಿ. ಅಡುಗೆ, ಬಟ್ಟೆ, ಬಾವಿಯ ನೀರು ಅಮ್ಮನ ಪಾಲು. ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುವುದು ಅಜ್ಜಿಯ ಪಾಲು, ಅದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಒಡಹುಟ್ಟಿದವರು ಯಾರೂ ಇಲ್ಲದ, ಒಂಬತ್ತು ವರ್ಷದ ನನಗೆ ಸಿಕ್ಕಿದ್ದು ಪೂಜೆ ಕೋಣೆ. ಬೆಳಿಗ್ಗೆ ಸ್ನಾನ ಮಾಡಿ, ತಾಮ್ರದ ಗಿಂಡಿಗಳಲ್ಲಿ ನೀರು ತುಂಬಿ, ಬಿಲ್ವಪತ್ರೆ ತೊಳೆದು, ವಿಭೂತಿ ಗಟ್ಟಿಯನ್ನು ತಟ್ಟೆಯಲ್ಲಿಟ್ಟು, ದೊಡ್ಡವರು ಮೂವರಿಗೂ ಮಣೆ ಹಾಕಬೇಕು. ಪೂಜೆ ಮುಗಿದ ಮೇಲೆ ಏರಿಸಿದ ಪತ್ರೆಯನ್ನೂ ಉಳಿದ ನೀರನ್ನೂ ಯಾರೂ ತುಳಿಯದ ಕಡೆ, ಹಿತ್ತಲಿನ ದಾಳಿಂಬೆ ಗಿಡದ ಬುಡಕ್ಕೆ ಹಾಕಿ ಬರಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಯಾರ ಪೂಜೆ ಹೇಗೆ ನಡೆಯಿತು ಅನ್ನುವುದು ಆ ಶಿವನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಾಗುತ್ತಿತ್ತು.

ನಮ್ಮವರ ಪೂಜೆಗೆ ಗುಡಿ ಬೇಡ, ಪೂಜಾರಿಯೂ ಬೇಡ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ತೆಗೆದು ಎಡಗೈಯ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತಾ ಕೂರುವುದು. ಹೆಂಗಸು ಗಂಡಸು ಅನ್ನದೆ ಎಲ್ಲರಿಗೂ ಇದು ಒಂದೇ. ಅದು ಮುಗಿಯುವ ತನಕ ಬಾಯಿಗೆ ತೊಟ್ಟು ನೀರೂ ಹಾಕುವಂತಿಲ್ಲ. ಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವಂತಿಲ್ಲ. ಈ ಎರಡು ಕಟ್ಟಳೆಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ನಮ್ಮ ಮನೆಯಲ್ಲಿ ಆದದ್ದೆಲ್ಲ ಇವೆರಡರ ಮರೆಯಲ್ಲೇ ಆಯಿತು. ನನ್ನ ಪೂಜೆಯಂತೂ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಯುತ್ತಿತ್ತು. ಅಡುಗೆ ಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿರುವಾಗ ಭಕ್ತಿ ಎಷ್ಟು ಹೊತ್ತು ನಿಂತೀತು ಹೇಳಿ.

ಪೂಜೆ ಕೋಣೆ ದೊಡ್ಡದೇನಲ್ಲ. ಅಡುಗೆ ಮನೆಯ ಪಕ್ಕದಲ್ಲಿ, ಹಿತ್ತಲ ಗೋಡೆಗೆ ಅಂಟಿಕೊಂಡು, ಮೂವರು ಕೂತರೆ ನಾಲ್ಕನೆಯವರು ಹೊಸಿಲಲ್ಲೇ ನಿಲ್ಲಬೇಕಾದಷ್ಟು ಜಾಗ. ಕಿಟಕಿ ಇರಲಿಲ್ಲ. ಮೇಲಿನ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಇಳಿದ ಬಿಸಿಲಿನ ತುಂಡು ನಾನು ಸ್ಕೂಲಿಗೆ ಹೊರಡುವಾಗ ಗೋಡೆಯ ಮೇಲಿರುತ್ತಿತ್ತು, ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಹೊತ್ತಿಗೆ ಕೆಂಪು ನೆಲಕ್ಕೆ ಇಳಿದು ಅಮ್ಮನ ಮಣೆಯ ಹತ್ತಿರ ಬಂದಿರುತ್ತಿತ್ತು. ಗೋಡೆಯ ಆಚೆಗೇ ದಾಳಿಂಬೆ ಗಿಡ, ಅದರಾಚೆ ಬಾವಿ. ಆ ವರ್ಷ ಆ ಬಿಸಿಲಿನ ತುಂಡನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದು ಮಣೆಯನ್ನು ದಾಟಿಹೋಗಿದ್ದರೂ ಅಮ್ಮ ಎದ್ದಿರುತ್ತಿರಲಿಲ್ಲ.

ಅಮ್ಮನಿಗೆ ಅದು ಶುರುವಾದದ್ದು ಎಲ್ಲ ಚೆನ್ನಾಗಿದ್ದಾಗ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಕೇಳಿದವರೆಲ್ಲ ಒಂದು ಕಾರಣ ಬೇಕು ಅಂದರು. ಯಾರು ಸತ್ತಿದ್ದರು, ಯಾರು ಏನಂದಿದ್ದರು, ಗಂಡ ಹೊಡೆಯುತ್ತಿದ್ದನೇ ಅಂತ. ಯಾರೂ ಸತ್ತಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಅಂಗಡಿಯ ವ್ಯಾಪಾರ ಕುದುರಿತ್ತು. ಮನೆಗೆ ಸುಣ್ಣ ಹೊಡೆಸಿದ್ದರು. ಪಡಸಾಲೆಗೆ ಕರೆಂಟು ದೀಪ ಬಂದಿತ್ತು. ಅಮ್ಮ ಕೇಳಿದ್ದ ಹೊಲಿಗೆ ಮೆಷಿನ್ನೂ ಬಂದು ಮೂಲೆಯಲ್ಲಿ ಕೂತಿತ್ತು. ಅಮ್ಮ ತುಮಕೂರು ಕಡೆಯವಳು, ಹೆಸರು ನೀಲಮ್ಮ. ಬೀದಿಗೆ ಕೇಳುವ ಹಾಗೆ ನಗುತ್ತಿದ್ದಳು. ಅಜ್ಜಿಗೂ ಅವಳಿಗೂ ಸಾರಿನ ಹುಳಿಯ ವಿಷಯಕ್ಕೆ ದಿನಾ ಒಂದು ಸುತ್ತು ಜಗಳ ಆಗಲೇಬೇಕು.

"ಇದೇನೇ ಹುಳಿ, ಹಲ್ಲು ಚಳ್ ಅನ್ನುತ್ತೆ."

"ನಿಮ್ಮ ಹಲ್ಲು ಎಲ್ಲಿದಾವೆ ಅತ್ತೆ, ಇರೋದೇ ನಾಕು."

ಇಂಥ ಮಾತಾಡಿ ಇಬ್ಬರೂ ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗೌರಿ ಹಬ್ಬ ಕಳೆದ ಮೇಲೆ ಈ ಜಗಳ ನಿಂತುಹೋಯಿತು. ಅಜ್ಜಿ ಹುಳಿ ಜಾಸ್ತಿ ಅಂದರೆ ಅಮ್ಮ ಹೂಂ ಅನ್ನುತ್ತಿದ್ದಳು. ಹುಳಿ ಕಡಿಮೆ ಅಂದರೂ ಹೂಂ. ಒಮ್ಮೆ ಅನ್ನದ ತಪ್ಪಲೆಯನ್ನು ಒಲೆಯಿಂದ ಇಳಿಸಿದವಳು ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಹಿಡಿದುಕೊಂಡೇ ನಿಂತಿದ್ದಳು. ಅಜ್ಜಿ ಬಂದು ಕೈಯಿಂದ ಬಿಡಿಸಿಕೊಂಡಳು. ಇಂದು ನನಗೆ ಗೊತ್ತು, ಮೊದಲ ಗುರುತು ಅಳು ಅಲ್ಲ, ಜಗಳ ನಿಲ್ಲುವುದು. ಆಗ ನಾನು ಮನೆಯಲ್ಲಿ ಶಾಂತಿ ಬಂತು ಅಂದುಕೊಂಡು ಖುಷಿಪಟ್ಟಿದ್ದೆ.

ಆಮೇಲೆ ಅಮ್ಮನ ಪೂಜೆ ಉದ್ದವಾಗುತ್ತ ಹೋಯಿತು. ಮೊದಲು ಅರ್ಧ ಗಂಟೆ, ಆಮೇಲೆ ನಾನು ಸ್ಕೂಲಿಗೆ ಹೊರಡುವ ತನಕ, ಆಮೇಲೆ ಮಧ್ಯಾಹ್ನದ ತನಕ. ಅಡುಗೆಯನ್ನು ಅಜ್ಜಿ ಒಂದು ಮಾತೂ ಆಡದೆ ವಾಪಸು ತಗೊಂಡಳು. ಅಪ್ಪಾಜಿ ಊಟಕ್ಕೆ ಕೂತಾಗ ಕೋಣೆಯ ಕಡೆ ನೋಡಿ ಮೆತ್ತಗೆ ಕೇಳಿದರು.

"ಇನ್ನೂ ಎದ್ದಿಲ್ವಾ?"

"ಕೂತ್ಕೊಳ್ಲಿ ಬಿಡಪ್ಪಾ," ಅಂದಳು ಅಜ್ಜಿ. "ಲಿಂಗದಲ್ಲಿ ಮನಸ್ಸು ನಿಂತಿದೆ. ನಮ್ಮಂಥವರಿಗೆ ಬರೋದಲ್ಲ ಅದು. ಪುಣ್ಯ ಮಾಡಿರ್ಬೇಕು."

ಅಪ್ಪಾಜಿಯ ಮುಖ ಅರಳಿತು. ಅವರು ಸಾಧು ಮನುಷ್ಯರು, ದಿನವಿಡೀ ಬೇರೆಯವರ ಪೂಜೆಗೆ ಸಾಮಾನು ಕಟ್ಟಿಕೊಡುತ್ತಿದ್ದವರು. ತಮ್ಮ ಮನೆಯಲ್ಲೇ ಒಬ್ಬ ಶರಣೆ ಇದ್ದಾಳೆ ಅನ್ನುವುದು ಅವರಿಗೆ ದೊಡ್ಡ ಸಂತೋಷ ಕೊಟ್ಟಿತು. ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಹೇಳಿಕೊಂಡರು.

ಆದರೆ ಗಿಂಡಿ ಎತ್ತುತ್ತಿದ್ದವಳು ನಾನು. ಅಮ್ಮನ ಗಿಂಡಿಯಲ್ಲಿ ಬೆಳಿಗ್ಗೆ ನಾನು ಕಂಠದ ತನಕ ತುಂಬಿದ ನೀರು ಹಾಗೇ ಇತ್ತು. ಪತ್ರೆಗಳು ನಾನು ಜೋಡಿಸಿಟ್ಟ ಹಾಗೇ, ಮೂರು ಮೂರು ಎಲೆ ಬಿಡಿಸದೆ, ಒಣಗಲು ಶುರುವಾಗಿದ್ದವು. ವಿಭೂತಿ ಗಟ್ಟಿಯ ಮೇಲೆ ಬೆರಳಿನ ಗುರುತಿರಲಿಲ್ಲ. ಒಂದು ದಿನ ಮರೆತಳೇನೋ ಅಂದುಕೊಂಡೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಹೊಸಿಲ ಹೊರಗೆ ನಿಂತು ಇಣುಕಿ ನೋಡಿದೆ. ಅಮ್ಮನ ಎಡಗೈ ಮೇಲೆ ಲಿಂಗವಿತ್ತು. ಕಣ್ಣು ಅದರ ಮೇಲಿರಲಿಲ್ಲ. ಎದುರಿನ ಗೋಡೆಯಲ್ಲಿ ಸುಣ್ಣ ಒಂಚೂರು ಉಬ್ಬಿತ್ತು, ಅದನ್ನು ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿರಲಿಲ್ಲ. ಅಮ್ಮ ಪೂಜೆ ಮಾಡುತ್ತಿರಲಿಲ್ಲ. ಕೂತಿದ್ದಳು, ಅಷ್ಟೇ.

ಹೇಳಿಬಿಡಬಹುದಿತ್ತು. ಆದರೆ ಪೂಜೆ ಮಾಡದೆ ಮಾಡಿದ ಹಾಗೆ ಕೂರುವುದು ನಮ್ಮ ಮನೆಯಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಅಜ್ಜಿಗೆ ಗೊತ್ತಾದರೆ ಅಮ್ಮನ ಗತಿ ಏನು ಅಂತ ನನಗೆ ಹೆದರಿಕೆಯಾಯಿತು. ಅದಕ್ಕೆ ನಾನೇ ಒಂದು ದಾರಿ ಕಂಡುಕೊಂಡೆ. ಗಿಂಡಿಯ ಮುಕ್ಕಾಲು ನೀರನ್ನು ಯಾರೂ ನೋಡದಾಗ ದಾಳಿಂಬೆ ಬುಡಕ್ಕೆ ಸುರಿದು, ತಳದಲ್ಲಿ ಸ್ವಲ್ಪ ಉಳಿಸಿ ತರುತ್ತಿದ್ದೆ. ಪತ್ರೆಯ ಎಲೆಗಳನ್ನು ಬಿಡಿಸಿ, ಒಂದಷ್ಟು ಒದ್ದೆ ಮಾಡಿ ತಟ್ಟೆಯಲ್ಲಿ ಹರಡುತ್ತಿದ್ದೆ. ವಿಭೂತಿ ಗಟ್ಟಿಯನ್ನು ನನ್ನ ಮೂರು ಬೆರಳಿಂದ ಉಜ್ಜುತ್ತಿದ್ದೆ. ಆಮೇಲೆ ಎಲ್ಲವನ್ನೂ ಅಜ್ಜಿಯ ಕಣ್ಣೆದುರಿಗೇ ಹಿಡಿದುಕೊಂಡು ಹೋಗುತ್ತಿದ್ದೆ. ಎಲ್ಲದರಲ್ಲೂ ತಪ್ಪು ಹುಡುಕುವ ಅಜ್ಜಿ ಇದರಲ್ಲಿ ಮಾತ್ರ ಯಾವ ತಪ್ಪೂ ಹುಡುಕಲಿಲ್ಲ. ನಾನು ಬಹಳ ಜಾಣೆ ಅಂದುಕೊಂಡೆ.

ದಸರೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಗಿತ್ತು. ನೀಲಮ್ಮನವರು ಊಟ ಬಿಟ್ಟಿದ್ದಾರೆ, ಲಿಂಗದಲ್ಲೇ ಇದ್ದುಬಿಟ್ಟಿದ್ದಾರೆ ಅಂತ. ಅಮ್ಮ ಸಂಜೆ ಒಂದು ಹೊತ್ತು, ಅದೂ ಅಜ್ಜಿ ಕಲಸಿ ಕೈಗೆ ಕೊಟ್ಟರೆ ನಾಲ್ಕು ತುತ್ತು ತಿನ್ನುತ್ತಿದ್ದಳು. ಕೊರಳ ಮೂಳೆ ಎದ್ದಿತ್ತು. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಆ ಜಡೆಗಟ್ಟಿದ ಕೂದಲನ್ನೂ ಬಂದ ಹೆಂಗಸರು ವೈರಾಗ್ಯ ಅಂದರು. ಅಮ್ಮನಿಗೆ ಇಷ್ಟವಾದದ್ದು ಯಾವುದೂ ಉಳಿದಿರಲಿಲ್ಲ, ನಾನೂ ಸೇರಿ. ಸ್ಕೂಲಿಂದ ಬಂದು ಎದುರಿಗೆ ನಿಂತರೆ ನನ್ನನ್ನು ನೋಡುತ್ತಿದ್ದಳು, ಆದರೆ ನಾನು ಯಾರೋ ಪಕ್ಕದ ಮನೆಯ ಹುಡುಗಿ ಅನ್ನುವ ಹಾಗೆ. ಅದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಎರಡು ಮನೆ ಆಚೆ ಗಿರಿಜಮ್ಮ ಅಂತ ಒಬ್ಬರಿದ್ದರು. ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಒಂದು ದಿನ ಹಿತ್ತಲಿನ ಬಾಗಿಲಿಂದ ಬಂದು ನನ್ನ ಕೈ ಹಿಡಿದುಕೊಂಡರು.

"ಪಾರೂ, ನಿಮ್ಮಮ್ಮ ಏರಿಸಿದ ಪತ್ರೆ ಒಂದೆಸಳು ಕೊಡೇ. ಯಾರಿಗೂ ಹೇಳ್ಬೇಡ."

ಅವರ ಕಣ್ಣಲ್ಲಿ ನೀರಿತ್ತು. ನನ್ನ ತಟ್ಟೆಯಲ್ಲಿದ್ದದ್ದು ಅಮ್ಮ ಮುಟ್ಟಿಯೂ ಇಲ್ಲದ, ನಾನೇ ಬಿಡಿಸಿದ ಎಲೆ. ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಆ ದಿನ ನಾನು ಸ್ಕೂಲಿನಲ್ಲಿ ಹೊಟ್ಟೆನೋವು ಅಂತ ಬೆಂಚಿನ ಮೇಲೆ ಮಲಗಿದೆ. ಸುಳ್ಳಲ್ಲ, ನಿಜವಾಗಿ ನೋಯುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ಗಿರಿಜಮ್ಮನಿಗೆ ವಾಂತಿ ಶುರುವಾಯಿತು. ಬಸುರಿ! ಪತ್ರೆಯ ಮಹಿಮೆ ಅಂತ ತಾವೇ ಬೀದಿಗೆಲ್ಲ ಹೇಳಿದರು, ಅಲ್ಲಿಗೆ ಮುಗಿಯಿತು. ಕಾರ್ತಿಕ ಸೋಮವಾರಗಳಲ್ಲೇ ಪಡಸಾಲೆಗೆ ಬಂದು ಹೋಗುತ್ತಿದ್ದ ಹೆಂಗಸರು ಈಗ ಚಪ್ಪಲಿ ಬಿಡಲು ಜಾಗವಿಲ್ಲದಷ್ಟು ಸೇರತೊಡಗಿದರು. ಪೂಜೆ ಕೋಣೆಯ ಹೊಸಿಲಿಗೆ ಹಣೆ ಮುಟ್ಟಿಸಿ ಹೋಗುತ್ತಿದ್ದರು. ಇನ್ನು ನಾನು ಯಾವ ಬಾಯಿಂದ ನಿಜ ಹೇಳಲಿ?

ನನಗೂ ಏನೋ ಆಗುತ್ತಿತ್ತು. ಅದಕ್ಕೆ ಆಗ ಹೆಸರಿರಲಿಲ್ಲ. ಸ್ಕೂಲಿನಲ್ಲಿ ಊಟದ ಗಂಟೆ ಹೊಡೆಯುವ ಮೊದಲೇ ಎದೆ ಡವಡವ ಅನ್ನುತ್ತಿತ್ತು, ಅಂಗೈ ಬೆವರುತ್ತಿತ್ತು. ಮನೆಯ ತಿರುವಿಗೆ ಬಂದಾಗ ಕಾಲು ಮುಂದೆ ಹೋಗುತ್ತಿರಲಿಲ್ಲ. ಬಾಗಿಲು ಮುಚ್ಚಿದ್ದರೆ? ಒಳಗೆ ಅಮ್ಮ ಇಲ್ಲದಿದ್ದರೆ? ತಿರುವಿನಿಂದ ಜಗಲಿಗೆ ಅರವತ್ತೆರಡು ಹೆಜ್ಜೆ. ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿಯಾದರೆ ಕೆಟ್ಟದ್ದು ಆಗುತ್ತದೆ ಅಂತ ಯಾರೂ ಹೇಳದೆಯೇ ನಂಬಿಬಿಟ್ಟಿದ್ದೆ. ಹೆಜ್ಜೆ ತಪ್ಪಿದರೆ ತಿರುವಿಗೆ ವಾಪಸು ಹೋಗಿ ಮತ್ತೆ ಎಣಿಸುತ್ತಿದ್ದೆ. ಗೆಳತಿಯರು ಕುಂಟೆಬಿಲ್ಲೆ ಆಡಲು ಕರೆದರೆ ಹೋಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದೆವು, ಬಂದು ಹೋಗುವವರಿಗೆ ಲೆಕ್ಕವಿರಲಿಲ್ಲ, ಆದರೆ ಆ ದಿನಗಳಲ್ಲಿ ನನ್ನಷ್ಟು ಒಂಟಿ ಚಾಮರಾಜಪೇಟೆಯಲ್ಲೇ ಯಾರೂ ಇರಲಿಲ್ಲ ಅನ್ನಿಸುತ್ತದೆ. ಗುಟ್ಟು ಇಟ್ಟುಕೊಂಡವರು ಯಾರ ಪಕ್ಕದಲ್ಲಿ ಕೂತರೂ ಒಬ್ಬರೇ.

ಅವರೆಕಾಯಿ ಕಾಲ ಬಂತು. ಬೆಳಿಗ್ಗೆ ಹೊತ್ತು ಏಳುವಾಗ ಚಳಿ, ಬೀದಿಯ ತುಂಬ ಸೊಗಡಿನ ವಾಸನೆ. ಆ ದಿನ ಸ್ಕೂಲಿಗೆ ರಜೆ. ಅಜ್ಜಿ ಅಡುಗೆ ಮನೆಯಲ್ಲಿದ್ದಳು, ಅಪ್ಪಾಜಿ ಅಂಗಡಿಗೆ ಹೋಗಿದ್ದರು, ಜನ ಇನ್ನೂ ಬಂದಿರಲಿಲ್ಲ. ಬಿಸಿಲು ನೆಲಕ್ಕೆ ಇಳಿದ ಹೊತ್ತಿಗೆ ನಾನು ಗಿಂಡಿ ತೆಗೆಯಲು ಹೊಸಿಲಿಗೆ ಬಂದೆ. ಅಮ್ಮನ ಎಡಗೈ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ಅದು ತೊಡೆಯ ಮೇಲಿಂದ ಜಾರಿ ಪಕ್ಕಕ್ಕೆ ಬಿತ್ತು. ಲಿಂಗ ಟಕ್ ಅಂತ ನೆಲಕ್ಕೆ ಬಿದ್ದು, ಉರುಳಿ, ಬಿಸಿಲಿನ ತುಂಡಿನಲ್ಲಿ ನಿಂತಿತು.

ಲಿಂಗ ನೆಲಕ್ಕೆ ಬೀಳುವುದು ಅಂದರೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಅದು ಒಡವೆಯಲ್ಲ, ಪ್ರಾಣ. ಹಿಂದೆ ಲಿಂಗ ಕಳೆದುಕೊಂಡವರು, ಬೀಳಿಸಿಕೊಂಡವರು ಮತ್ತೆ ಬದುಕಿರಲಿಲ್ಲ ಅನ್ನುವ ಕತೆಗಳನ್ನು ಅಜ್ಜಿಯೇ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಎಷ್ಟೋ ಸಲ ಹೇಳಿದ್ದಳು. ನಾನು ಒಳಗೆ ಓಡಿ ಎರಡೂ ಕೈಯಲ್ಲಿ ಎತ್ತಿಕೊಂಡೆ. ಅಮ್ಮನ ಕೈಗೆ ಇಡಲು ಹೋದರೆ ಅವಳ ಬೆರಳುಗಳು ಹಿಡಿಯಲಿಲ್ಲ. ಎಷ್ಟೋ ದಿನಗಳಾದ ಮೇಲೆ ಅವಳು ನನ್ನ ಮುಖಕ್ಕೆ ಮುಖ ಕೊಟ್ಟು ನೋಡಿದಳು. ದನಿಯಲ್ಲಿ ದುಃಖ ಕೂಡ ಇರಲಿಲ್ಲ.

"ಬಿತ್ತಾ? ಹಾಗಾದ್ರೆ ಇನ್ನು ನಾನು ಇರೋ ಹಾಗಿಲ್ಲ ಅಲ್ವಾ ಪಾರೂ."

ಅವಳ ದನಿಯಲ್ಲಿ ಸಮಾಧಾನವಿತ್ತು. ಬಹಳ ದಿನದಿಂದ ಕಾಯುತ್ತಿದ್ದ ಅಪ್ಪಣೆ ಸಿಕ್ಕಿದಂತೆ. ಅದನ್ನು ಕೇಳಿ ನಾನು ಲಿಂಗವನ್ನು ಎದೆಗೆ ಒತ್ತಿಕೊಂಡೇ ಅಡುಗೆ ಮನೆಗೆ ಓಡಿದೆ.

ಅಜ್ಜಿ ಒಲೆಯ ಮುಂದಿದ್ದಳು. ಎಲ್ಲ ಒಟ್ಟಿಗೇ ಹೇಳಿದೆ. ಲಿಂಗ ಬಿದ್ದದ್ದು, ಅಮ್ಮ ಅಂದದ್ದು, ನೀರು ಸುರಿಯುತ್ತಿದ್ದದ್ದು, ಪತ್ರೆ ಬಿಡಿಸುತ್ತಿದ್ದದ್ದು, ಗಿರಿಜಮ್ಮನಿಗೆ ಕೊಟ್ಟದ್ದು. ಅಮ್ಮ ಪೂಜೆ ಮಾಡ್ತಿಲ್ಲ ಅಜ್ಜಿ, ಒಂದು ದಿನಾನೂ ಮಾಡ್ಲಿಲ್ಲ, ಬೈಬೇಡ ಅವಳನ್ನ, ತಪ್ಪು ನಂದು ಅಂತ ಅತ್ತೆ. ಹೊಡೆತ ಬೀಳುತ್ತದೆ ಅಂತ ಕಣ್ಣು ಮುಚ್ಚಿದೆ. ಅಜ್ಜಿ ಸೌಟನ್ನು ಕೆಳಗಿಟ್ಟಳು.

"ನಂಗೊತ್ತು ಕಣೇ."

"ಏನು?"

"ಎಲ್ಲಾ. ದಸರಾ ಆದ್ಮೇಲೆ ಬಾವಿಗೆ ಹಲಗೆ ಹೊಡೆಸಿ ಬೀಗ ಹಾಕಿಸಿದ್ನಲ್ಲ, ಯಾಕೆ ಅಂದ್ಕೊಂಡಿದೀಯ?"

"ಬೆಕ್ಕು ಬೀಳುತ್ತೆ ಅಂದ್ಯಲ್ಲ."

"ನಮ್ಮನೇಲಿ ಬೆಕ್ಕೆಲ್ಲೇ ಇದೆ?"

ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ಅದು ನನಗೆ ಆ ಕ್ಷಣದ ತನಕ ಹೊಳೆದಿರಲೇ ಇಲ್ಲ. ಅಜ್ಜಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಬೇಗ ಬೇಗ, ಯಾರಿಗೋ ತಪ್ಪೊಪ್ಪಿಸುವ ಹಾಗೆ ಹೇಳಿದಳು.

"ನನ್ನ ತಂಗಿ ಒಬ್ಳಿದ್ಲು, ಚೆನ್ನವ್ವ ಅಂತ. ಹಿಂಗೇ ಕೂತುಬಿಟ್ಟಳು. ಹುಚ್ಚು ಅಂದ್ರು. ಒಂದ್ಸಲ ಆ ಮಾತು ಬೀದಿಗೆ ಬಿತ್ತು ನೋಡು, ಗಂಡ ತವರಿಗೆ ತಂದು ಬಿಟ್ಟುಹೋದ. ಕೊಟ್ಟಿಗೆ ಪಕ್ಕದ ಕೋಣೇಲಿ ಇಟ್ಟಿದ್ರು. ಯಾರೂ ಹತ್ರ ಹೋಗ್ತಿರ್ಲಿಲ್ಲ, ನಾನೂ ಹೋಗ್ಲಿಲ್ಲ. ಬಹಳ ದಿನ ಇರ್ಲಿಲ್ಲ ಅವಳು. ನಿಮ್ಮಮ್ಮನಿಗೆ ಹಂಗಾಗ್ಬಾರ್ದು ಅಂತ ಭಕ್ತಿ ಅಂದೆ. ಭಕ್ತಿ ಅಂದ್ರೆ ಯಾರೂ ಏನೂ ಕೇಳಲ್ಲ ಅಂದ್ಕೊಂಡೆ."

ಯಾರೂ ಏನೂ ಕೇಳಲಿಲ್ಲ, ಅದೇ ಆಗಿದ್ದು. ನಾನು ಅಜ್ಜಿಯಿಂದ ಮುಚ್ಚಿಡುತ್ತಿದ್ದೆ, ಅಜ್ಜಿ ಊರಿಂದ ಮುಚ್ಚಿಡುತ್ತಿದ್ದಳು. ಒಂದೇ ಸುಳ್ಳನ್ನು ಇಬ್ಬರೂ ಬೇರೆ ಬೇರೆಯಾಗಿ ಕಾಯುತ್ತಿದ್ದೆವು. ಅಮ್ಮನನ್ನು ಕಾಪಾಡುತ್ತಿದ್ದೇವೆ ಅಂದುಕೊಂಡು ಅವಳನ್ನು ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಾಲ್ಕು ತಿಂಗಳು ಒಬ್ಬಳನ್ನೇ ಕೂರಿಸಿದ್ದೆವು. ಪೂಜೆ ಗೊತ್ತಿದ್ದ ಜನ ಮಾತ್ರ ಮಾಡಬಹುದಾದ ತಪ್ಪು ಅದು.

ಅಜ್ಜಿ ನನ್ನ ಕೈಯಿಂದ ಲಿಂಗ ತಗೊಂಡು, ನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ ಒಳಗೆ ನಡೆದಳು. ಅಮ್ಮನ ಎದುರಿಗೆ ಬರಿ ನೆಲದ ಮೇಲೆ ಕೂತಳು. ಪೂಜೆಗೆ ಕೂತವರನ್ನು ಮಾತಾಡಿಸಬಾರದು ಅನ್ನುವ ಕಟ್ಟಳೆಯನ್ನು ಅವಳು ಮುರಿದದ್ದನ್ನು ನಾನು ಕಂಡದ್ದು ಅದೇ ಮೊದಲು.

"ನೀಲಾ. ಲಿಂಗಕ್ಕೆ ಏನೂ ಆಗಿಲ್ಲ ಕಣಮ್ಮ. ನಿನ್ನ ಕೈಗೇನಾಯ್ತು ಹೇಳು."

ಅಮ್ಮ ಪಕ್ಕಕ್ಕೆ ಬಿದ್ದಿದ್ದ ತನ್ನ ಎಡಗೈಯನ್ನು ನೋಡಿದಳು. ಅಜ್ಜಿ ಕೂತೇ ಇದ್ದಳು.

"ಭಾರ ಅತ್ತೆ," ಅಂದಳು ಕೊನೆಗೆ. "ಎತ್ತಕ್ಕಾಗ್ತಿಲ್ಲ. ಕೈ ಅಲ್ಲ, ಎಲ್ಲಾನೂ. ಬೆಳಿಗ್ಗೆ ಎದ್ರೆ ಕಣ್ಣು ಬಿಡೋದೇ ಭಾರ. ಇಲ್ಲಿ ಕೂತ್ರೆ ಯಾರೂ ಏಳು ಅನ್ನಲ್ಲ, ಅದಕ್ಕೆ ಕೂತ್ಕೊತೀನಿ. ನಾನು ಪಾಪಿ."

"ಪಾಪ ಅಲ್ಲ ಕಣೇ, ಕಾಯಿಲೆ. ನನ್ನ ತಂಗಿಗೆ ಬಂದಿತ್ತು. ನಾನು ನೋಡಿದೀನಿ," ಅಂದಳು ಅಜ್ಜಿ. ಅಮ್ಮನ ಎಡಗೈಯನ್ನು ತನ್ನ ಕೈ ಮೇಲೆ ಇಟ್ಟುಕೊಂಡು, ಲಿಂಗವನ್ನು ಅದರ ಮೇಲಿಟ್ಟಳು. "ಪಾರೂ, ನೀರು ಹಾಕು."

ನಾನು ಗಿಂಡಿಯಿಂದ ನೀರೆರೆದೆ. ನೀರು ಲಿಂಗದ ಮೇಲಿಂದ ಅಮ್ಮನ ಬೆರಳ ಸಂದಿಯಲ್ಲಿ ಇಳಿದು ಅಜ್ಜಿಯ ಸುಕ್ಕುಗಟ್ಟಿದ ಅಂಗೈಗೆ ಬಂತು. ಅಮ್ಮ ಅಳಲು ಶುರುಮಾಡಿದಳು. ಮೊದಲು ದನಿಯಿಲ್ಲದೆ, ಆಮೇಲೆ ಅವಳ ಹಿಂದಿನ ನಗುವಿನಷ್ಟೇ ಜೋರಾಗಿ. ನನಗೆ ಹೆದರಿಕೆಯಾಗಲಿಲ್ಲ. ಮನೆಯಲ್ಲಿ ಅವಳ ದನಿ ಮತ್ತೆ ಕೇಳಿತಲ್ಲ ಅನ್ನಿಸಿತು.

ಆ ಸಂಜೆ ಅಪ್ಪಾಜಿಗೆ ಹೇಳಿದರು. ಅವರು ಪಡಸಾಲೆಯ ಕಂಬಕ್ಕೆ ಒರಗಿ ಕೂತು, ನಾನು ಅಂಗಡಿಯಲ್ಲೆಲ್ಲ ಹೇಳ್ಕೊಂಡು ಬಂದೆನಲ್ಲಾ ಅವ್ವಾ ಅಂದರು. ಮಾರನೆಯ ದಿನ ಜಗಲಿಯಲ್ಲಿ ತಾವೇ ನಿಂತು, ಮನೆಯವಳಿಗೆ ಹುಷಾರಿಲ್ಲ, ಬರಬೇಡಿ ಅಂತ ಒಬ್ಬೊಬ್ಬರಿಗೂ ಕೈಮುಗಿದು ಹೇಳಿ ಕಳಿಸಿದರು. ಹಾಗೆ ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತು ಅಂತ ಈಗ ತಿಳಿಯುತ್ತದೆ. ಬಸವನಗುಡಿಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಜಟಕಾದಲ್ಲಿ ಕರೆದುಕೊಂಡು ಹೋದರು. ಡಾಕ್ಟರು ಒಂದು ಟಾನಿಕ್ಕು, ನಿದ್ದೆಗೆ ಒಂದು ಪುಡಿ ಕೊಟ್ಟು, ಇವರನ್ನು ಒಬ್ಬರನ್ನೇ ಬಿಡಬೇಡಿ, ದಿನಾ ಬಿಸಿಲಲ್ಲಿ ನಡೆಸಿ ಅಂದರಂತೆ. ಅಪ್ಪಾಜಿ ಅಂಗಡಿಯಿಂದ ಬೇಗ ಬಂದು ಅಮ್ಮನನ್ನು ದೊಡ್ಡ ಬಸವಣ್ಣನ ಗುಡಿಯ ತನಕ ನಡೆಸಿಕೊಂಡು ಹೋಗತೊಡಗಿದರು. ಗಂಡ ಹೆಂಡತಿ ಜೊತೆಯಾಗಿ ನಡೆಯುವ ಕಾಲ ಅದಲ್ಲ. ಮೊದಮೊದಲು ಅವರು ನಾಲ್ಕು ಹೆಜ್ಜೆ ಮುಂದಿರುತ್ತಿದ್ದರು. ಅಮ್ಮ ನಿಂತುಬಿಟ್ಟರೆ ಹಿಂದೆ ತಿರುಗಿ ಕಾಯುತ್ತಿದ್ದರು. ಯುಗಾದಿಯ ಹೊತ್ತಿಗೆ ಪಕ್ಕದಲ್ಲೇ ನಡೆಯುತ್ತಿದ್ದರು, ಬೀದಿಯವರು ನಕ್ಕರೆ ನಗಲಿ ಅಂತ.

ಅಜ್ಜಿ ತನ್ನದೇ ಒಂದು ಔಷಧಿ ಮಾಡಿದಳು. ದಿನಕ್ಕೆ ಒಂದು ಕೆಲಸ, ಒಂದೇ. ಅಮ್ಮನ ಮುಂದೆ ಮೊರದಲ್ಲಿ ಒಂದು ಹಿಡಿ ಅವರೆಕಾಯಿ ಇಟ್ಟು, ತಾನೂ ಎದುರಿಗೆ ಕೂರುತ್ತಿದ್ದಳು. ಮೊದಲ ದಿನ ಅಮ್ಮ ಮೂರು ಕಾಯಿ ಸುಲಿದಳು. ಸಾಕು ಬಿಡು ಅಂದಳು ಅಜ್ಜಿ, ಅಷ್ಟಕ್ಕೇ ಮೆಚ್ಚಿಕೊಂಡು. ಬೆಳಗಿನ ಪೂಜೆಗೆ ನಾವು ಮೂವರೂ ಒಟ್ಟಿಗೆ ಕೂರುತ್ತಿದ್ದೆವು. ಅಮ್ಮನ ಕೈ ಕೆಳಗೆ ನನ್ನ ಕೈ. ಅವಳು ಹೆಚ್ಚು ಭಾರ ಬಿಟ್ಟ ದಿನ ನನಗೆ ತಿಳಿಯುತ್ತಿತ್ತು, ಕಡಿಮೆ ಬಿಟ್ಟ ದಿನವೂ ತಿಳಿಯುತ್ತಿತ್ತು. ಚಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಸಾರನ್ನು ಬಾಯಿಗಿಟ್ಟು, ಏನತ್ತೆ ಇದು, ಹುಣಸೆಹಣ್ಣು ಖಾಲಿಯಾಗಿದ್ಯಾ ಅಂದಳು. ಅಜ್ಜಿ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋಗಿ ನೋಡಿದರೆ ಬಾವಿಯ ಹಲಗೆಗೆ ಕೈಯೂರಿ ಅಳುತ್ತಿದ್ದಳು.

ಅಮ್ಮನಿಗೆ ಅದು ಪೂರ್ತಿ ವಾಸಿಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು. ಆದರೆ ಮನೆಯಲ್ಲಿ ಅದಕ್ಕೊಂದು ಹೆಸರು ಸಿಕ್ಕಿತ್ತು. "ಇವತ್ತು ಕೈ ಭಾರ" ಅಂತ ಅಮ್ಮ ಹೇಳಿದರೆ ಸಾಕು, ಅಜ್ಜಿ ಮೊರ ತರುತ್ತಿದ್ದಳು, ಅಪ್ಪಾಜಿ ಚಪ್ಪಲಿ ಮೆಟ್ಟುತ್ತಿದ್ದರು. ಗಿರಿಜಮ್ಮ ಮಾತ್ರ ತಮ್ಮ ಮಗಳಿಗೆ ನೀಲಾಂಬಿಕೆ ಅಂತ ಹೆಸರಿಟ್ಟು, ಪ್ರತಿ ವರ್ಷ ಅವಳನ್ನು ಕರೆತಂದು ಅಮ್ಮನ ಕಾಲಿಗೆ ಬೀಳಿಸುತ್ತಿದ್ದರು. ಅಮ್ಮ ನನ್ನ ಕಡೆ ನೋಡಿ ತುಟಿ ಬಿಗಿಹಿಡಿದು ನಗು ತಡೆದುಕೊಳ್ಳುತ್ತಿದ್ದಳು.

ನನಗದು ಬಂದದ್ದು ನಲವತ್ತೈದು ದಾಟಿದ ಮೇಲೆ. ಆಗ ಹನುಮಂತನಗರದಲ್ಲಿ ಮನೆ ಮಾಡಿದ್ದೆವು, ನಾನು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಕಾರಣ ಕೇಳಬೇಡಿ, ಎಲ್ಲ ಚೆನ್ನಾಗಿತ್ತು. ಹತ್ತಿರದ ಡಾಕ್ಟರಿಗೆ ಬಾಯಿತಪ್ಪಿ ಕೈ ಭಾರ ಅಂದೆ. ಅವರು ನನ್ನ ಎರಡೂ ಕೈಯನ್ನು ಎತ್ತಿಸಿ ಇಳಿಸಿ, ಹಚ್ಚಿಕೊಳ್ಳಲು ಒಂದು ಎಣ್ಣೆ ಬರೆದುಕೊಟ್ಟರು. ಮುಂದೆ ಸರಿಯಾದ ವೈದ್ಯರು ಸಿಕ್ಕರು, ಮಾತ್ರೆ ನುಂಗಿದೆ, ಅದರಿಂದ ಉಪಯೋಗವೂ ಆಯಿತು. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಬೆಳಿಗ್ಗೆ ಅಮ್ಮ ನಮ್ಮ ಮನೆಗೆ ಬಂದಳು. ಎಪ್ಪತ್ತು ದಾಟಿದ್ದಳು, ಅಜ್ಜಿಯೂ ಅಪ್ಪಾಜಿಯೂ ಹೋಗಿ ಎಷ್ಟೋ ವರ್ಷವಾಗಿತ್ತು. ನಾನು ಸ್ನಾನ ಮಾಡಿ ಲಿಂಗವನ್ನು ಕೈಯಲ್ಲಿಟ್ಟುಕೊಂಡು ಕೂತಿದ್ದೆ. ಎಷ್ಟು ಹೊತ್ತಿನಿಂದ ಅಂತ ನನಗೇ ಗೊತ್ತಿರಲಿಲ್ಲ. ಅಮ್ಮ ಮೊದಲು ನೋಡಿದ್ದು ನನ್ನನ್ನಲ್ಲ, ಪಕ್ಕದಲ್ಲಿದ್ದ ಗಿಂಡಿಯನ್ನು.

ಗೋಡೆ ಹಿಡಿದುಕೊಂಡು, ಮಂಡಿ ನೋವಿಗೆ ನರಳುತ್ತ, ನನ್ನ ಎದುರಿಗೆ ನೆಲದ ಮೇಲೆ ಕೂತಳು.

"ಆ ವರ್ಷ ನೀನು ದಿನಾ ದಾಳಿಂಬೆ ಬುಡಕ್ಕೆ ನೀರು ಸುರೀತಿದ್ದೆಯಲ್ಲ, ತುಂಬಿದ ಗಿಂಡಿ ಸುರಿಯೋ ಆ ಸದ್ದು ಗೋಡೆ ಈಚೆಗೆ ಬರ್ತಿತ್ತು."

ನಾನು ಬೆಚ್ಚಿ ಅವಳನ್ನು ನೋಡಿದೆ. ಮೂವತ್ತೈದು ವರ್ಷಕ್ಕೂ ಮೇಲಾಗಿತ್ತು, ಅವಳು ಇದನ್ನು ಹೇಳಿರಲಿಲ್ಲ.

"ಓ, ಮಗೂಗೆ ಗೊತ್ತಾಗಿದೆ ಅಂದ್ಕೊತಿದ್ದೆ. ಈಗ ಒಳಗೆ ಬರ್ತಾಳೆ, ಯಾಕಮ್ಮಾ ಅಂತಾಳೆ, ಅಂದ್ರೆ ಹೇಳ್ಬಿಡೋಣ ಅಂತ ಕಾಯ್ತಿದ್ದೆ. ನೀನು ಖಾಲಿ ಗಿಂಡಿ ತಗೊಂಡು ಸುಮ್ನೆ ಹೋಗ್ಬಿಡ್ತಿದ್ದೆ. ನಾಳೆ ಬರ್ತಾಳೆ ಅಂದ್ಕೊತಿದ್ದೆ."

ಅಮ್ಮ ತನ್ನ ಕೈಯನ್ನು, ನರ ಎದ್ದ ಕೈಯನ್ನು, ನನ್ನ ಎಡಗೈ ಕೆಳಗೆ ಕೊಟ್ಟಳು.

"ಯಾಕಮ್ಮಾ ಪಾರೂ, ಕೈ ಭಾರಾನಾ?"

ಹೂಂ ಅಮ್ಮ ಅಂದೆ. ಅಂದು, ಭಾರವನ್ನೆಲ್ಲ ಅವಳ ಕೈ ಮೇಲೆ ಬಿಟ್ಟೆ.